ಉಯ್ಯಾಲೆಗೆ ಎಣ್ಣೆ ಹಾಕಿದ್ದು

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ವಡೋದರಾದಲ್ಲಿ ಇರಲಾರರು. ವಿಮಾ ಕಚೇರಿಯ ನೌಕರನಿಗೆ ಅದೊಂದು ಅರ್ಹತೆಯೂ ಹೌದು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಅದೇ ಕೆಲಸ ಸಂಬಳವಿಲ್ಲದೆ ಮುಂದುವರಿಯುತ್ತದೆ. ಕಾರಣ ನನ್ನ ಒಬ್ಬಳೇ ಮಗಳು, ಹದಿನೈದರ ಚಿತ್ರಾ. ಆ ವಯಸ್ಸಿನ ಮಕ್ಕಳಿರುವ ಸಹೋದ್ಯೋಗಿಗಳು ಮಗಳು ಬಾಗಿಲು ಬಡಿಯುತ್ತಾಳೆ, ಎದುರು ಮಾತಾಡುತ್ತಾಳೆ ಎಂದು ಗೋಳಾಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವರಿಗೆ ಮಗಳ ಸಿಟ್ಟು ಕಾಣುತ್ತದಲ್ಲ! ನಮ್ಮವಳ ಮುಖದಲ್ಲಿ ಏನೂ ಕಾಣುವುದಿಲ್ಲ. ಊಟದ ಹೊತ್ತು ಸ್ವಲ್ಪ ಆಚೀಚೆ ಆದರೂ, ತಟ್ಟೆ ಬೇರೆಯಾದರೂ, ಎರಡೂ ಕಿವಿ ಮುಚ್ಚಿಕೊಂಡು ಕೂಗುತ್ತಾಳೆ. ನಾನು ಇದನ್ನು ಹಠ ಎನ್ನುತ್ತಿದ್ದೆ, ನನ್ನ ಹೆಂಡತಿ ವಿಮಲಾ ಹೆದರಿಕೆ ಎನ್ನುತ್ತಿದ್ದಳು, ತುಮಕೂರಿನ ಬಂಧುಗಳು ಜಂಭ ಎನ್ನುತ್ತಿದ್ದರು. ಕೊನೆಗೆ ಅಹಮದಾಬಾದಿನ ಡಾಕ್ಟರೊಬ್ಬರು ಆಟಿಸಂ ಎಂಬ ಹೊಸ ಪದ ಹೇಳಿ, ಅವಳಿಗೆ ಭಾವನೆಗಳು ಕಡಿಮೆಯಿಲ್ಲ, ಬೇಕಾದಷ್ಟಿವೆ, ಮುಖಕ್ಕೆ ಬರುವುದಿಲ್ಲ ಅಷ್ಟೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ವಿಮಲಾ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಮುಖಕ್ಕೆ ಬಾರದ ಭಾವನೆಗಳು ಮತ್ತೆಲ್ಲಿಗೆ ಹೋಗುತ್ತವೆ ಎಂದು ನಾನು ದಾರಿಯುದ್ದಕ್ಕೂ ಚಿಂತಿಸಿದೆ.

ಅವು ಉಯ್ಯಾಲೆಗೆ ಹೋಗುತ್ತಿದ್ದವು. ಗುಜರಾತಿನಲ್ಲಿ ಮನೆ ಎಂದರೆ ಅದರೊಳಗೊಂದು ಉಯ್ಯಾಲೆ ಇರಲೇಬೇಕು. ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲೂ ಹಿತ್ತಾಳೆಯ ಸರಳುಗಳಿಗೆ ತೂಗುಬಿಟ್ಟ ದಪ್ಪ ಹಲಗೆಯೊಂದಿದೆ. ಇಲ್ಲಿನವರು ಅದರಲ್ಲಿ ಕೂತು ತರಕಾರಿ ಹೆಚ್ಚುತ್ತಾರೆ, ಮದುವೆ ಮಾತಾಡುತ್ತಾರೆ, ಮುದುಕರು ಇಡೀ ಮಧ್ಯಾಹ್ನ ತೂಗಿಕೊಳ್ಳುತ್ತಾರೆ. ಹಾಗಾಗಿ ಬೆಳೆದ ಹುಡುಗಿಯೊಬ್ಬಳು ಸ್ಕೂಲಿನಿಂದ ಬಂದು ಕತ್ತಲಾಗುವವರೆಗೆ ತೂಗಿಕೊಂಡರೂ ಯಾರೂ ಏನೂ ಕೇಳುವುದಿಲ್ಲ. ಮೇಲಿನ ಕಬ್ಬಿಣದ ಕೊಂಡಿಗಳು ಕಿರ್ರೋ ಎನ್ನುತ್ತಿದ್ದವು. ನಿಧಾನವಾಗಿ ಕಿರುಗುಟ್ಟಿದರೆ ಎಲ್ಲ ಸುಖ. ಬಿರುಸಾದರೆ ಸ್ಕೂಲಿನಲ್ಲಿ ಏನೋ ಆಗಿದೆ. ತಟ್ಟನೆ ನಿಂತರೆ ನಾನೂ ವಿಮಲಾಳೂ ಎಲ್ಲಿದ್ದರೂ ಓಡಿಬರುತ್ತಿದ್ದೆವು. ನನ್ನ ಅಮ್ಮ ತೀರಿಕೊಂಡ ಸುದ್ದಿ ಬಂದ ದಿನ ಚಿತ್ರಾ, ಇವತ್ತು ಊಟ ಎಷ್ಟು ಹೊತ್ತಿಗೆ ಎಂದು ಕೇಳಿದ್ದಳು. ಮನೆಯಲ್ಲಿದ್ದ ನನ್ನ ಭಾವಮೈದುನ, "ಏನು ಕಲ್ಲು ಮನಸ್ಸು ಭಾವ ಈ ಮಗೂದು" ಅಂದ. ಅವತ್ತು ಉಯ್ಯಾಲೆ ಬೆಳಗಿನಿಂದ ಸಂಜೆಯವರೆಗೆ ಬಿರುಸಾಗಿ ಕಿರುಗುಟ್ಟಿದ್ದು ಅವನ ಕಿವಿಗೆ ಬೀಳಲಿಲ್ಲ. ನನಗೆ ಅದನ್ನು ಕೇಳಿ ಅಳು ಬಂತು.

ತೊಂದರೆ ಏನೆಂದರೆ, ಬಂದ ಅತಿಥಿಯನ್ನು ಉಯ್ಯಾಲೆಯಲ್ಲೇ ಕೂರಿಸುವುದು ಇಲ್ಲಿನ ಮರ್ಯಾದೆ. ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುವ ಶೆಟ್ಟರು ಒಂದು ಭಾನುವಾರ ಬಂದವರೇ, ಅಭ್ಯಾಸಬಲದಿಂದ ಅದರಲ್ಲಿ ಕೂತರು. ಚಿತ್ರಾ ಎದುರಿಗೆ ನಿಂತು, ಎವೆಯಿಕ್ಕದೆ ಅವರನ್ನು ನೋಡತೊಡಗಿದಳು. ಶೆಟ್ಟರು ಮೊದಲು ನಕ್ಕರು, ಆಮೇಲೆ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡರು. ಇಂಥ ಹೊತ್ತಿಗೆಂದೇ ನನ್ನ ಬಳಿ ಒಂದು ಸಿದ್ಧ ಮಾತಿದೆ. "ಅವಳಿಗೆ ಬದಲಾವಣೆ ಆಗಲ್ಲ. ಸ್ವಲ್ಪ ಹೊತ್ತು ಬಿಡಿ, ತಾನೇ ಸರಿಹೋಗ್ತಾಳೆ" ಎಂದೆ. ಶೆಟ್ಟರು ಮೆಲ್ಲಗೆ ಕುರ್ಚಿಗೆ ಸರಿದು, "ಇದು ಎಂಥ ಶಬ್ದ ಮಾಡ್ತದೆ ಮಾರಾಯ್ರೆ? ನಾಲ್ಕು ಹನಿ ಎಣ್ಣೆ ಹಾಕ್ಲಿಕ್ಕಾಗುದಿಲ್ವಾ?" ಎಂದರು.

ನನಗೆ ಅವಮಾನವಾಯಿತು. ಮರುದಿನ ಮಗಳು ಸ್ಕೂಲಿಗೆ ಹೋದ ಮೇಲೆ ಸ್ಟೂಲು ಹತ್ತಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗಳಿಗೆ ಧಾರಾಳವಾಗಿ ಸುರಿದೆ. ಮಗಳಿಗೂ ಖುಷಿಯಾದೀತು ಎಂದು ಬೀಗಿಕೊಂಡೇ ಆಫೀಸಿಗೆ ಹೋದೆ. ಸಂಜೆ ಬಂದರೆ ಮನೆ ಬಿಕೋ ಎನ್ನುತ್ತಿತ್ತು. "ಏನ್ರೀ ಮಾಡಿದ್ರಿ ಅದಕ್ಕೆ? ಕೂತ್ಕೊಂಡ್ಳು, ಒಂದು ಸಲ ತೂಗಿದ್ಳು, ಕಿವಿ ಮುಚ್ಚಿಕೊಂಡು ರೂಮಿಗೆ ಓಡಿದ್ಳು" ಎಂದಳು ವಿಮಲಾ. ಸದ್ದೇ ಇಲ್ಲದ್ದಕ್ಕೆ ಕಿವಿ ಮುಚ್ಚಿಕೊಳ್ಳುವುದು ನನಗೆ ವಿಚಿತ್ರವೆನಿಸಿತು. ಆಮೇಲೆ ಚಿತ್ರಾ ಉಯ್ಯಾಲೆಯ ಹತ್ತಿರ ಬರಲೇ ಇಲ್ಲ. ಕೊಟ್ಟದ್ದನ್ನು ಅರ್ಧ ತಿಂದು, ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು, ಆದರೆ ನನ್ನ ಹೆದರಿಕೆ ಅದಲ್ಲ. ಮಗಳು ಒಳಗೆ ಹೇಗಿದ್ದಾಳೆ ಎಂದು ತಿಳಿಯಲು ನಮಗಿದ್ದದ್ದು ಅದೊಂದೇ ಸದ್ದು, ಅದನ್ನು ನನ್ನ ಕೈಯಾರೆ ಮುಚ್ಚಿಬಿಟ್ಟಿದ್ದೆ. ಆಫೀಸಿನಲ್ಲಿ ಕೂತರೂ ಅದೇ ಯೋಚನೆ. ಬೆಳಿಗ್ಗೆ ಪೇಪರು ಬಿಡಿಸಿದರೆ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ, ಕಾಫಿ ರುಚಿಸುತ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಸ್ಟೂಲು ಹತ್ತಿದೆ. ಸೀಮೆಎಣ್ಣೆಯ ಬಟ್ಟೆಯಿಂದ ಕೊಂಡಿ ಒರೆಸಿದೆ, ಒಲೆಯ ಬೂದಿ ಸಿಗದೆ ವಿಮಲಾಳ ಪಾತ್ರೆ ತಿಕ್ಕುವ ಪುಡಿ ಬಳಿದೆ. ಕೆಳಗಿಳಿದು ಹಲಗೆಯನ್ನು ತಳ್ಳಿದೆ. ಕಿರ್ರೋ ಎಂದಿತು. ರೂಮಿನ ಬಾಗಿಲು ತೆರೆಯಿತು. ಚಿತ್ರಾ ಬಂದು, ತಲೆ ಓರೆ ಮಾಡಿ ಕೇಳಿಸಿಕೊಂಡಳು, ಕೂತಳು, ನಿಧಾನವಾಗಿ ತೂಗಿಕೊಂಡಳು. ನಾನು ನೆಮ್ಮದಿಯ ಉಸಿರು ಬಿಡಬೇಕಿತ್ತು. ಬಿಡಲಿಲ್ಲ.

"ಮೊದಲಿನ ಹಾಗಿಲ್ಲ ಕಣೆ" ಎಂದೆ ವಿಮಲಾಳಿಗೆ. "ಹಿಂದಕ್ಕೆ ಹೋಗುವಾಗ ಇನ್ನೊಂದು ಎಳೆ ಸದ್ದು ಇತ್ತು. ಎಡಗಡೆ ಕೊಂಡಿದು. ಅದು ಬರ್ತಾ ಇಲ್ಲ."

"ಅವಳೇ ಸುಮ್ಮನೆ ಕೂತಿದ್ದಾಳಲ್ರೀ. ನಿಮ್ಮದೇನು?"

"ಇಲ್ಲ, ಅದು ಹಾಗಿರಲಿಲ್ಲ" ಎಂದು ಮತ್ತೆ ಸ್ಟೂಲು ಎಳೆದೆ. ನನ್ನ ದನಿ ಏರಿದ್ದು ನನಗೇ ಗೊತ್ತಾಗಲಿಲ್ಲ. ವಿಮಲಾ ಸೊಂಟಕ್ಕೆ ಕೈಯಿಟ್ಟು, "ಏನಾಗಿದೆ ಇವರಿಗೆ?" ಎಂದು ಗಾಳಿಗೆ ಕೇಳಿದಳು.

ಉತ್ತರ ಉಯ್ಯಾಲೆಯಿಂದ ಬಂತು. ಚಿತ್ರಾಳ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ, ಆದರೆ ದನಿ, ಎಳೆದು ಹೇಳುವ ಧಾಟಿ, ಎಲ್ಲ ನನ್ನದೇ. "ಅಪ್ಪಂಗೆ ಬದಲಾವಣೆ ಆಗಲ್ಲ. ಸ್ವಲ್ಪ ಹೊತ್ತು ಬಿಡಿ, ತಾನೇ ಸರಿಹೋಗ್ತಾರೆ."

ಹಾಗೆಂದು, ಯಾರನ್ನೂ ಪಕ್ಕಕ್ಕೆ ಸೇರಿಸದ ನನ್ನ ಮಗಳು ಹಲಗೆಯ ಒಂದು ತುದಿಗೆ ಸರಿದು ಜಾಗ ಬಿಟ್ಟಳು. ನಾನು ಸೀಮೆಎಣ್ಣೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಕೂತೆ. ಅವಳು ನಿಧಾನವಾಗಿ ತೂಗತೊಡಗಿದಳು, ನಾನು ಸರಿಹೋಗುವವರೆಗೆ.