ಒಂದೇ ಸಲ ನೋಡುವ ವ್ರತ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಯಾರೂ ಸ್ನೇಹಲತಾಳ ಜೊತೆ ಮನೆಗೆ ಬೀಗ ಹಾಕಿ ಹೊರಟು ನೋಡಿರಲಿಲ್ಲ. ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡುವುದು, ಬೀಗ ಜಗ್ಗುವುದು, ಬೀಗ ಮುಟ್ಟಿದ ಕೈ ತೊಳೆಯಲು ಬೀಗ ತೆಗೆಯುವುದು, ಒಳಗೆ ಹೋದದ್ದೇ ಹೋದೆ ಎಂದು ಮತ್ತೆ ಗ್ಯಾಸ್ ನೋಡುವುದು. ಇದು ರೋಗವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೇನು, ಕೈ ಕೇಳಬೇಕಲ್ಲ!

ಇಂಥವಳಿಗೆ ಗಂಡ ಶಾಂತಕುಮಾರ ಕರುಣಿಸಿದ ಭಾಗ್ಯವೆಂದರೆ ತಿಂಗಳಿಗೊಂದು ಊರು. ಲ್ಯಾಪ್‌ಟಾಪ್ ಇದ್ದಲ್ಲೇ ಅವನ ಆಫೀಸು, ಮಗಳು ಶರ್ವರಿಗೆ ಕಾರಿನ ಹಿಂದಿನ ಸೀಟೇ ಶಾಲೆ. "ಸ್ವಂತ ಮನೀನ ಇಲ್ಲಂದ್ರ ಮನಿ ಚಿಂತಿ ಎಲ್ಲಿಂದ ಬರತೈತಿ?" ಎಂಬುದು ಅವನ ಮಹಾಸಿದ್ಧಾಂತ. ಚಿಂತೆ ಬಂತು, ತಿಂಗಳಿಗೊಂದು ಹೊಸ ಒಲೆ, ಹೊಸ ಬೀಗದ ರೂಪದಲ್ಲಿ ಬಂತು. (ವಿಜಯವಾಡದ ಒಲೆಯ ಗುಂಡಿ ತಿರುಗುತ್ತಿದ್ದುದೇ ಉಲ್ಟಾ. ಆ ತಿಂಗಳು ಯಾರೂ ನೆಟ್ಟಗೆ ಉಂಡಿಲ್ಲ.)

ಜೊತೆಗೆ ಅತ್ತೆ ಹಂಪಮ್ಮ. ಹೊಸ್ತಿಲು ದಾಟಿದವರು ಹಿಂದಿರುಗಿದರೆ ಕೂತು, ನೀರು ಕುಡಿದು, ಆಮೇಲೇ ಹೊರಡಬೇಕೆಂಬುದು ಅವರ ಶಾಸ್ತ್ರ. ಸೊಸೆ ಗ್ಯಾಸ್ ನೋಡಲು ತಿರುಗಿದಾಗಲೆಲ್ಲ ಇಡೀ ಸಂಸಾರ ಕೂತು ತಂಬಿಗೆ ಎತ್ತಬೇಕು. ಕುಡಿದ ನೀರು ಸುಮ್ಮನಿರುತ್ತದೆಯೇ? ಎಲ್ಲರೂ ಬಚ್ಚಲಿಗೆ. ಆಮೇಲೆ ಬಚ್ಚಲ ನಲ್ಲಿ ಬಂದ್ ಆಗಿದೆಯೇ ಎಂದು ಯಾರಾದರೂ ನೋಡಬೇಡವೇ? ಹೀಗೆ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟವನ್ನು ಬಿಟ್ಟ ಮನೆಯಲ್ಲೇ ಮಾಡಿದ್ದುಂಟು.

ಈ ತಿಂಗಳು ಹೈದರಾಬಾದಿನ ತಾರ್ನಾಕದಲ್ಲಿ ಬಾಡಿಗೆ ಮನೆ. ಅಲ್ಲೊಂದು ದಿನ ಶರ್ವರಿ ತನ್ನ ಗೊಂಬೆಯ ಡಬ್ಬಿ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿ, "ಅಮ್ಮ, ಬಂದ್ ಆಗೇತೇನು?" ಎಂದು ಕೇಳಿದಳು. ಸ್ನೇಹಲತಾ ಡಬ್ಬಿಯನ್ನು ಕೈಗೆತ್ತಿಕೊಂಡು ಮಗಳನ್ನೇ ನೋಡಿದಳು. ತನ್ನ ಮೂಗು, ತನ್ನ ಗುಂಗುರು ಕೂದಲು ಮಗಳಿಗೆ ಬಂದದ್ದೇ ಸಾಕಿತ್ತು, ಇದು ಬೇಡ. ಮರುದಿನವೇ ಡಾಕ್ಟರ ಬಳಿ ಓಡಿದಳು. ಅವರು ಮಾತ್ರೆ ಬರೆದುಕೊಟ್ಟು, "ಒಂದೇ ಸಲ ನೋಡಿ, 'ಸಾಕು' ಎಂದು ಬಾಯಿಬಿಟ್ಟು ಹೇಳಿ ಹೊರಟುಬಿಡಿ" ಎಂದರು. ಹಾಗೇ ಮಾಡುತ್ತೇನೆಂದು ಅವಳು ಮಗಳ ಕೈಮೇಲೆ ಕೈಯಿಟ್ಟು ವಚನ ಕೊಟ್ಟಳು.

ವರಂಗಲ್ಲಿಗೆ ಹೊರಡುವ ದಿನ ಬಂತು. ಸ್ನೇಹಲತಾ ಒಲೆಯ ಗುಂಡಿ ನೋಡಿದಳು. 'ಸಾಕು' ಎಂದಳು. ಬೀಗ ಹಾಕಿ, ಕೀಲಿಕೈಯನ್ನು ಮಾಲೀಕರು ಹೇಳಿದಂತೆ ಗೇಟಿನ ಡಬ್ಬಿಯಲ್ಲಿಟ್ಟು ಕಾರು ಹತ್ತಿದಳು. ಬೆನ್ನೆಲ್ಲ ಬೆವರು. ಶರ್ವರಿ ಅವಳ ಕೈ ಹಿಡಿದು ನಕ್ಕಳು.

ಹಬ್ಸಿಗುಡ ದಾಟಿರಲಿಲ್ಲ, ಶಾಂತಕುಮಾರ ಗಾಡಿ ನಿಧಾನ ಮಾಡಿದ.

"ಸ್ನೇಹಾ, ಗ್ಯಾಸ್ ನೋಡಿದ್ಯೇನು?"

"ನೋಡೀನ್ರಿ."

"ಎಷ್ಟು ಸಲ?"

"ಒಂದ ಸಲ."

"ಒಂದ ಸಲ ಅಂದ್ರ ನೋಡಿದಂಗೇನ?" ಅವನ ಮುಖ ಬಾಡಿತು. "ಇಷ್ಟು ವರ್ಷ ನೀ ನೋಡ್ತೀ ಅಂತ ನಾ ಆರಾಮ ಇದ್ದೆ. ಈಗ ನನಗ ಭಾಳ ತಳಮಳ ಆಗಾಕತ್ತೈತಿ."

ಗಾಡಿ ತಿರುಗಿ ಮತ್ತೆ ಬಿಟ್ಟ ಮನೆಯ ಗೇಟಿನ ಮುಂದೆ ನಿಂತಿತು. ಅವನು ಡಬ್ಬಿಯಿಂದ ಕೀಲಿಕೈ ತೆಗೆದು ಒಳಗೆ ಓಡಿದ. ಹಿಂದೆಯೇ ತಂಬಿಗೆ ಹಿಡಿದು ಹಂಪಮ್ಮ. "ಹಂಗ ಹೋಗಬ್ಯಾಡೋ, ಕುಂಡ್ರು, ನೀರು ಕುಡಿ!" ಸ್ನೇಹಲತಾ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ಅವನು ಬಾಯಿ ಒರೆಸಿಕೊಳ್ಳುತ್ತ ಬಂದ.

"ಬಂದ್ ಇತ್ತಲ್ರಿ?"

"ಅವ್ವ ಕುಂಡ್ರಿಸಿದ್ಲು, ನೀರು ಕೊಟ್ಲು. ಕುಡದೆ, ಎದ್ದೆ, ಕೀಲಿ ಹಾಕಿದೆ..."

"ಗ್ಯಾಸ್?"

"ಅದನ್ನ ನೋಡೂದ ಮರತೆ." ಅವನು ತಲೆ ಕೆರೆದುಕೊಂಡ. "ನೀನ ಒಮ್ಮೆ ಹೋಗಿ ಬಾ. ನೀ ನೋಡಿದ್ರನ ಸಮಾಧಾನ."

ಹಂಪಮ್ಮ ತಂಬಿಗೆ ಅಲುಗಾಡಿಸಿ, "ಹೋಗಿ ಬಾರವಾ, ಇನ್ನೂ ನೀರು ಐತಿ" ಎಂದರು.

ಇಷ್ಟು ವರ್ಷ ಬೈಸಿಕೊಂಡ ಕೆಲಸಕ್ಕೆ ಈಗ ಇಷ್ಟು ಮರ್ಯಾದೆ! ಶರ್ವರಿ ಅಮ್ಮನನ್ನೇ ನೋಡುತ್ತಿದ್ದಳು. ಸ್ನೇಹಲತಾಳಿಗೆ ಇಳಿದು ಓಡಬೇಕೆನಿಸಿತು, ಅಲ್ಲೇ ಕೂತು ಅಳಬೇಕೆನಿಸಿತು. "ನಾ ನೋಡೀನಿ. ಸಾಕು. ನಡೀರಿ" ಎಂದಳು.

ಘಟಕೇಸರ ಬರುವಷ್ಟರಲ್ಲಿ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಸೆರಗಿನ ಮರೆಯಲ್ಲಿ ಸ್ನೇಹಲತಾಳ ಬಲಗೈ ಇಲ್ಲದ ಗುಂಡಿಯೊಂದನ್ನು ತಿರುವಿತು, ಮತ್ತೆ ತಿರುವಿತು. ಶಾಂತಕುಮಾರ ಕನ್ನಡಿಯಲ್ಲಿ ಅದನ್ನು ನೋಡಿದ. ಬೈಯಲಿಲ್ಲ. ದನಿ ತಗ್ಗಿಸಿ ಕೇಳಿದ:

"ಬಂದ್ ಆತೇನು?"

"ತಡೀರಿ, ಇನ್ನೊಮ್ಮೆ ನೋಡ್ತೀನಿ."