ಆಯಿ ‘ಸರಿ’ ಅಂದಳು

ಬಾಗೇವಾಡಿಗೆ ಹೋಗಲು ನನಗೆ ನಕ್ಷೆ ಬೇಕೆ? ಗೊಳಸಂಗಿ ದಾಟುತ್ತಿದ್ದಂತೆ ಮೊಬೈಲಿನೊಳಗಿಂದ ದಾರಿ ಹೇಳುತ್ತಿದ್ದ ಹೆಣ್ಣುಧ್ವನಿಯನ್ನು ಬಂದ್ ಮಾಡಿದೆ. ಕಾರಿನಲ್ಲಿದ್ದ ಇನ್ನೊಂದು ಹೆಣ್ಣುಧ್ವನಿಯನ್ನು ಬಂದ್ ಮಾಡುವ ಗುಂಡಿ ನನ್ನ ಬಳಿ ಇರಲಿಲ್ಲ.

“ರೀ, ನೀವು ಈ ಊರು ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು. ಕೇಳ್ಕೊಂಡು ಹೋಗೋಣ್ವಾ?” ಎಂದಳು ಹೆಂಡತಿ ಸುಧಾ. ಅವಳು ಮೈಸೂರಿನವಳು.

“ನಮ್ಮೂರಲ್ಲಿ ನಾನು ಯಾರನ್ನು ಕೇಳಲಿ?” ಎಂದೆ ಗಾಂಭೀರ್ಯದಿಂದ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಕಾರಕೂನರು. ಸರ್ಕಾರ ಅವರನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಸುತ್ತಾಡಿಸಿ, ಕೊನೆಗೆ ಬಸವನ ಬಾಗೇವಾಡಿಯಲ್ಲಿ ಎಂಟು ವರ್ಷ ಮರೆತುಬಿಟ್ಟಿತು. ಆ ಎಂಟು ವರ್ಷ ನಾವಿದ್ದದ್ದು ಗೌರವ್ವನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅವಳ ಮೊಮ್ಮಕ್ಕಳ ಜೊತೆ ನಾನೂ ಅವಳನ್ನು ‘ಆಯಿ’ ಎಂದೇ ಕರೆಯುತ್ತಿದ್ದೆ. ಪ್ರಮೋದ ಎಂಬ ನನ್ನ ಹೆಸರು ಅವಳ ಬಾಯಲ್ಲಿ ‘ಪಮ್ಯಾ’ ಆಗಿತ್ತು. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ಗಡಿಬಿಡಿಯಲ್ಲಿ ಮದುವೆಯಾದಾಗ ಅವಳನ್ನು ಕರೆಯಲಿಲ್ಲ. ಆಮೇಲೆ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: “ಸೊಸಿ ಮಾರಿ ಯಾವಾಗ ತೋರಸ್ತೀಯೋ?”

ಆ ಮುಖವನ್ನು ತೋರಿಸಲೆಂದೇ ಹೊರಟಿದ್ದೆವು. ಪಾಪ, ಆಯಿ ಮೊದಲು ನೋಡಿದ್ದು ಮುಖವನ್ನಲ್ಲ!

ಮನೆ ಸಿಕ್ಕಿತು. ಮೂರನೆಯ ಯತ್ನದಲ್ಲಿ. ಮುಂಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ನೆಟ್ಟಗೆ ಒಳಗೆ ಹೋಗಿ ಕಾಲಿಗೆ ಬಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊರಗಿನ ಕಲ್ಲುಮೆಟ್ಟಿಲು ಕಣ್ಣಿಗೆ ಬಿತ್ತು. ಅದು ನಾನು ಓದಿ ಎಂ.ಎ. ತನಕ ಹೋಗಲು ಅಡಿಪಾಯ ಹಾಕಿದ ಮಣ್ಣಿನ ಮಾಳಿಗೆಯ ಮೆಟ್ಟಿಲು.

“ಮೊದಲು ಮೇಲೆ ಒಂದು ಫೋಟೋ. ಆಮೇಲೆ ಆಯಿ” ಎಂದೆ.

“ಮಣ್ಣಿನ ಛಾವಣಿ ಭಾರ ತಡೆಯತ್ತಾ?”

“ನಮ್ಮ ಕಾಲದ ಮಾಳಿಗೆ ಸುಧಾ! ಆನೆ ನಡೆದರೂ ಅಲುಗಾಡುವುದಿಲ್ಲ.”

ಮೇಲೆ ಹೋದೆವು. ನಾನು ಓದಲು ಕೂರುತ್ತಿದ್ದಾಗ ನೆರಳು ಕೊಡುತ್ತಿದ್ದ ಬೇವಿನ ಮರ ಅಲ್ಲೇ ಇತ್ತು. ಸುಧಾಳನ್ನು ಅದರ ಎದುರು ನಿಲ್ಲಿಸಿ, ಮೊಬೈಲು ಹಿಡಿದು, ಮರ ಪೂರ್ತಿ ಬರಲೆಂದು “ಒಂದು ಹೆಜ್ಜೆ ಹಿಂದೆ” ಎಂದೆ. ಕೆಳಗೆ ರೊಟ್ಟಿಯ ಸದ್ದು ನಿಂತಿತು. ಆಯಿ ಏನೋ ಕೂಗಿದಳು. ಅದರಲ್ಲಿ ಕೇಳಿಸಿದ್ದು ಒಂದೇ ಪದ:

“ಸರೀ! ಸರೀ!”

ನನ್ನ ಎದೆ ಉಬ್ಬಿತು. ಇಪ್ಪತ್ತೆರಡು ವರ್ಷದ ಮೇಲೂ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು ಒಪ್ಪಿಗೆ ಕೊಡುತ್ತಿದ್ದಾಳೆ!

“ನೋಡು, ಆಯಿಯೇ ಸರಿ ಅಂತಿದ್ದಾಳೆ. ಇನ್ನೊಂದು ಹೆಜ್ಜೆ ಹಿಂದೆ!”

ಸುಧಾ ಹಿಂದೆ ಕಾಲಿಟ್ಟಳು. ಅಲ್ಲೊಂದು ಗೋಣಿಚೀಲ ಹಾಸಿತ್ತು. ಚೀಲದ ಕೆಳಗೆ ಮಾಳಿಗೆ ಇರಲಿಲ್ಲ! ಅಡುಗೆಮನೆಗೆ ಬೆಳಕು ಬರಲೆಂದು ಬಿಟ್ಟ ಬೆಳಕಿಂಡಿ ಇತ್ತು.

ಅವಳ ಬಲಗಾಲು ತೊಡೆಯ ತನಕ ಒಳಗೆ ಹೋಯಿತು. ಎಡಗಾಲು ಮಡಚಿ ಮೇಲೆ ಉಳಿಯಿತು. ನನ್ನ ಬೆರಳು ಗಾಬರಿಯಲ್ಲಿ ಫೋಟೋ ತೆಗೆಯಿತು. ಹೌದು, ತೆಗೆಯಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕೆಳಗಿನಿಂದ ಚೀತ್ಕಾರ: “ಯವ್ವಾ! ಮಾಳಗ್ಯಾಗಿಂದ ಕಾಲ ಬಂತು! ಯಾರದು?”

“ಆಯಿ, ನಾನು ಪಮ್ಯಾ!”

“ಪಮ್ಯಾ? ನೀ ಕಾಲುಂಗುರ ಯಾವಾಗಿಂದ ಹಾಕ್ಕೊಳ್ಳಾಕತ್ತಿ?”

“ಅದು ನನ್ನ ಕಾಲಲ್ಲ ಆಯಿ! ನನ್ನ ಹೆಂಡತಿದು!”

ಈಗ ಆಯಿಯದು ಬೇರೆಯೇ ದನಿ: “ಸೊಸಿ ಬಂದ್ಲೇನು?”

“ಅಜ್ಜೀ, ಕಾಲಿಗೆ ಬಿಸಿ ತಾಗ್ತಿದೆ!” ಎಂದಳು ಸುಧಾ.

“ಕೆಳಗ ಒಲಿ ಐತಿ ತಂಗಿ. ರೊಟ್ಟಿ ಹಂಚ ಕಾದೈತಿ. ಮೊಣಕಾಲ ಮಡಚು, ಅಳಗಾಡಬ್ಯಾಡ. ಹಂಚ ಇಳಸ್ತೇನಿ ತಡಿ!”

ಆಗ ನನಗೆ ತಿಳಿಯಿತು. ಅವಳನ್ನು ಹಿಡಿದಿಟ್ಟದ್ದು ಒಂದು ಹಳೆಯ ತೊಲೆ. ಅದು ಮುರಿದರೆ ಕೆಳಗೆ ಕೆಂಪಗೆ ಕಾದ ಹಂಚು. ಓಡಲು ಒಂದು ಹೆಜ್ಜೆ ಇಟ್ಟೆ. ಮಾಳಿಗೆ ಕಿರ್ ಎಂದಿತು. ಮಣ್ಣು ಉದುರಿತು.

“ಓಡಬ್ಯಾಡೋ ಮೂಳಾ! ಹೊಟ್ಟಿ ಮ್ಯಾಲ ಬಾ, ಹಾವ ಬಂದಂಗ!”

ಎಂ.ಎ. ಪದವೀಧರನು ಹಾವಿನಂತೆ ಹರಿದನು. ಅಷ್ಟರಲ್ಲಿ ಕೆಳಗೆ ಹಂಚು ಖಣ್ ಎಂದು ನೆಲಕ್ಕೆ ಬಿತ್ತು. ನಾನು ಸುಧಾಳ ಕಂಕುಳಿಗೆ ಕೈ ಹಾಕಿದೆ. ಆಯಿ ಈ ವಯಸ್ಸಿನಲ್ಲಿ ಡಬ್ಬಿಯ ಮೇಲೆ ಹತ್ತಿ ನಿಂತು, ಅಂಗಾಲಿಗೆ ಎರಡೂ ಅಂಗೈ ಕೊಟ್ಟು ಮೇಲಕ್ಕೆ ದೂಡಿದಳು. ಕಾಲು ಬಂತು. ಚಪ್ಪಲಿ ಬರಲಿಲ್ಲ. ಅದು ರೊಟ್ಟಿಹಿಟ್ಟಿನ ಪರಾತದಲ್ಲಿ ಬಿದ್ದಿತ್ತು.

ಸುಧಾ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಇವತ್ತಿಗೂ ಕಾಲೇಜಿನಲ್ಲಿ ಪಾಠ ಮಾಡುವಾಗ ನಡುವೆ ಆ ಮಾಳಿಗೆಯ ಕಿರ್ ಕೇಳಿಸುತ್ತದೆ, ವಾಕ್ಯ ಮರೆತುಹೋಗುತ್ತದೆ.

ಕೆಳಗೆ ಆಯಿ ಸುಧಾಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತರಚಿದ ಕಡೆಯೆಲ್ಲ ಅರಿಶಿನ ಹಚ್ಚಿದಳು. ಕಣ್ಣು ಒರೆಸಿಕೊಂಡದ್ದಕ್ಕೆ ಒಲೆಯ ಹೊಗೆ ಕಾರಣವಂತೆ. ಒಲೆ ಆರಿ ಅರ್ಧ ಗಂಟೆಯಾಗಿತ್ತು.

“ಸೊಸಿ ಬಲಗಾಲ ಇಟ್ಟ ಮನಿ ಹೊಕ್ಕಾಳ. ಶಾಸ್ತ್ರ ಬರೋಬ್ಬರಿ ಆತು. ಬಾಗಲ ಅಷ್ಟ ಬ್ಯಾರೆ!”

ಸುಧಾ ನಕ್ಕಳು. ನಾನೂ ನಗಲು ಬಾಯಿ ತೆರೆದೆ. ಆಯಿ ನನ್ನ ಕಡೆ ತಿರುಗಿದಳು.

“ನೀ ಏನ್ ಹಲ್ಲ ತಗೀತಿ? ಮಣ್ಣ ಉದರಾಕತ್ತೈತಿ, ಬೆಳಕಿಂಡಿ ಐತಿ, ಸರಿ ಸರಿ ಅಂತ ಗಂಟಲಾ ಹರಕೊಂಡ್ನಲ್ಲೋ!”

“ನೀ ಸರಿ ಅಂದಿ ಅಂತನ ಆಯಿ ಹಿಂದ ಕಳಿಸಿದ್ದು…”

“ಸರಿ ಅಂದ್ರ ಬಾಜೂಕ ಸರಿ ಅಂತಲೋ! ಕಿವಿ ಮೈಸೂರಾಗ ಬಿಟ್ಟ ಬಂದೀಯೇನು?”

ನಿಜ. ಈ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆ ಮಾತು ಕೇಳಿ ಬೆಳೆದವನು ನಾನು. ಒಲೆಯಿಂದ ಸರಿ, ಎತ್ತಿನ ಹಿಂದಿನಿಂದ ಸರಿ, ಬಾಗಿಲಿಂದ ಸರಿ. ಮೈಸೂರಿನ ‘ಸರಿ ಸರಿ’ ಯಾವಾಗ ಅದರ ಮೇಲೆ ಕುಳಿತಿತೋ ಗೊತ್ತೇ ಆಗಲಿಲ್ಲ.

ಆಯಿ ಹಿಟ್ಟು ಬೇರೆ ಕಲಸಿ ರೊಟ್ಟಿ ಬಡಿದಳು. ಉಂಡೆವು. ಹೊರಡುವಾಗ ನಾನು ಹೊಸ್ತಿಲಲ್ಲಿ ನಿಂತು ಕೈಮುಗಿದು, “ಇನ್ನ ಮ್ಯಾಲ ವರ್ಷಕ್ಕೊಮ್ಮೆ ಬರ್ತೇನಿ ಆಯಿ” ಎಂದೆ.

ಆಯಿ ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: “ಸರಿ.”

ನನ್ನ ಕಣ್ಣು ತುಂಬಿತು. ಕ್ಷಮಿಸಿಬಿಟ್ಟಳು! ಅಲ್ಲೇ ನಿಂತೆ. ಅಕ್ಕಿ, ತೆಂಗಿನಕಾಯಿ ಇಟ್ಟ ಮೊರ ಹಿಡಿದು ಆಯಿಯೂ ನಿಂತಳು. ಆಗ ಹೊರಗಿನಿಂದ ಕುಂಟುತ್ತ ಬಂದ ಸುಧಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ರೀ, ಅಡ್ಡ ನಿಂತಿದ್ದೀರಾ. ಅಜ್ಜಿ ನನಗೆ ಉಡಿ ತುಂಬಬೇಕಂತೆ.”