ನಾಲ್ಕನೇ ಹಲಗೆಯ ವೀಕ್ಷಕ

ದೂರಗುರಿ ರೈಫಲ್ ಸಂಘದ ನಿಯಮಾವಳಿಯ ಪ್ರಕಾರ ಗುಂಡು ಗುರಿ ಮುಟ್ಟಿದರೆ ಕೀರ್ತಿ ಸದಸ್ಯನದು, ಮುಟ್ಟದಿದ್ದರೆ ಹೊಣೆ ಗಾಳಿಯದು. ಸಂಘದಲ್ಲಿ ಸೊನ್ನೆ ಎಂಬ ಅಂಕವೇ ಇಲ್ಲ. ಅದರಿಂದ ಸದಸ್ಯರ ಮನಸ್ಸಿಗೆ ನೋವಾಗುತ್ತದೆಂದು ಮನಗಂಡ ಕಾರ್ಯಕಾರಿ ಸಮಿತಿಯು ಬಹಳ ಹಿಂದೆಯೇ ಅದನ್ನು ರದ್ದುಪಡಿಸಿ, ಆ ಸ್ಥಾನದಲ್ಲಿ ‘ಗಾಳಿ’ ಎಂದು ಘೋಷಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತ್ತು.

ಈ ವರ್ಷ ಗಾಳಿಯನ್ನು ಬಿಟ್ಟು ಬೇರೇನನ್ನೂ ಪಡೆಯದ ಏಕೈಕ ಸದಸ್ಯನೆಂದರೆ ಕನ್ನಡಕದ ಅಂಗಡಿಯವನು. ಅವನನ್ನು ಸಂಘಕ್ಕೆ ಸೇರಿಸಿದ್ದು ಅವನ ಅಂಗಡಿಯ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಬಾಲ್ಯದ ಗೆಳೆಯ, ದರ್ಜಿ. ವಾರವಿಡೀ ಒಬ್ಬ ಗಿರಾಕಿಗಳ ಮೂಗಿನ ಅಳತೆ ತೆಗೆಯುತ್ತಿದ್ದ, ಇನ್ನೊಬ್ಬ ಅವರ ಸೊಂಟದ್ದು. ಭಾನುವಾರ ಬೆಳಿಗ್ಗೆ ಇಬ್ಬರೂ ಮೈದಾನದ ಚಾಪೆಗಳ ಮೇಲೆ ಬೋರಲು ಮಲಗಿ, ಸಾವಿರ ಗಜ ದೂರದ ಗುರಿಹಲಗೆಗಳತ್ತ ರೈಫಲ್ ಹಿಡಿಯುತ್ತಿದ್ದರು. ಐದನೇ ಹಲಗೆ ದರ್ಜಿಯದು, ನಾಲ್ಕನೆಯದು ಇವನದು. ಸುತ್ತಿಗೆ ಹತ್ತು ಗುಂಡು. ಸುತ್ತು ಮುಗಿದ ಮೇಲೆ ಹಲಗೆಗಳ ಕೆಳಗಿನ ಕಂದಕದಲ್ಲಿ ಕೂತ ನೌಕರರು ಹಲಗೆ ಇಳಿಸಿ ತೂತು ಎಣಿಸಿ ಫೋನು ಮಾಡಬೇಕು. ಕಾರ್ಯದರ್ಶಿಗಳು ಧ್ವನಿವರ್ಧಕದಲ್ಲಿ ಸಾರಬೇಕು.

“ಐದನೇ ಹಲಗೆ, ಶ್ರೀ ದರ್ಜಿಯವರು, ಹತ್ತಕ್ಕೆ ಹತ್ತು. ನಾಲ್ಕನೇ ಹಲಗೆ, ಶ್ರೀ ಕನ್ನಡಕದವರು, ಗಾಳಿ.”

ಎಲೆಯೊಂದೂ ಅಲುಗದ ದಿನವೂ ಅದೇ ಘೋಷಣೆ. ಗೆಳೆಯ ಪಕ್ಕದಲ್ಲಿ ಬಂದು ಮಲಗುವ ತನಕ ದರ್ಜಿಯೂ ಗಾಳಿಯ ಗಿರಾಕಿಯೇ ಆಗಿದ್ದ. ಈಗ ಸಂಘದ ಚಾಂಪಿಯನ್. ಆದರೂ ಅಹಂಕಾರ ಸುಳಿದಿರಲಿಲ್ಲ.

“ನಂದೇನಿಲ್ಲ ಕಣೋ. ನೀನು ಪಕ್ಕದಲ್ಲಿ ಮಲಗಿದ್ರೆ ಗುಂಡು ತಾನಾಗೇ ಹೋಗುತ್ತೆ” ಎನ್ನುತ್ತಿದ್ದ. ಅದು ಅಕ್ಷರಶಃ ನಿಜವೆಂದು ಅವನಿಗೂ ಗೊತ್ತಿರಲಿಲ್ಲ, ಕೇಳುವವನಿಗೂ ಗೊತ್ತಿರಲಿಲ್ಲ.

ಕನ್ನಡಕದವನ ಮನೆಯಲ್ಲಿ ಹೆಂಡತಿ ಬಾಗಿಲು ತೆಗೆಯುತ್ತಲೇ ಕೇಳುತ್ತಿದ್ದಳು: “ಏನ್ರೀ, ಇವತ್ತೂ ಗಾಳೀನಾ?”

“ಸ್ವಲ್ಪ ಜೋರಾಗಿತ್ತು.”

“ನಾನು ಒಣಗಿ ಹಾಕಿದ ಸೀರೆ ಮಾತ್ರ ಅಲ್ಲಾಡ್ಲಿಲ್ಲ ನೋಡಿ.”

ಅವನಿಗೆ ಚಾಂಪಿಯನ್ ಆಗುವ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡದೊಂದು ಅವನ ಕೈತಪ್ಪುವುದರಲ್ಲಿತ್ತು. ವರ್ಷಪೂರ್ತಿ ಗಾಳಿ ಪಡೆದವರನ್ನು ‘ವೀಕ್ಷಕ ಸದಸ್ಯ’ರನ್ನಾಗಿ ಇಳಿಸಬೇಕೆಂದು ನಿಯಮ ಹೇಳುತ್ತಿತ್ತು. ವೀಕ್ಷಕ ಸದಸ್ಯರಿಗೆ ರೈಫಲ್ ಇಲ್ಲ, ಚಾಪೆಯೂ ಇಲ್ಲ; ಬೇಲಿಯಾಚೆಯ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಗೆಳೆಯನ ಪಕ್ಕ ಮಲಗಿ, ಮದ್ದಿನ ವಾಸನೆ ಕುಡಿಯುತ್ತ, ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಂಡು, ಪ್ರಪಂಚವನ್ನೆಲ್ಲ ಬೈದು ಹಗುರಾಗುವ ಆ ಭಾನುವಾರಗಳು ಮುಗಿದುಹೋಗುತ್ತವಲ್ಲ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಮರ್ಯಾದೆ ಬದಿಗಿಟ್ಟು, ತನ್ನ ಅಂಗಡಿಯ ಗಾಜಿನ ಕಪಾಟಿನಿಂದ ಒಂದು ಕನ್ನಡಕ ತೆಗೆದು ಜೇಬಿಗಿಳಿಸಿದ.

ಇಲ್ಲಿ ಒಂದು ಸಂಗತಿಯನ್ನು ದಾಖಲಿಸುವುದು ಅವಶ್ಯಕ. ಊರವರಿಗೆಲ್ಲ “ವಯಸ್ಸಾಯ್ತು ಅಂತ ಒಪ್ಕೊಳ್ಳಿ ಸಾರ್, ಹಾಕ್ಕೊಳ್ಳಿ” ಎಂದು ಬುದ್ಧಿ ಹೇಳುತ್ತಿದ್ದ ಈ ಮಹಾಶಯ ತಾನು ಮಾತ್ರ ಕನ್ನಡಕ ಮುಟ್ಟಿದವನಲ್ಲ. ರೈಫಲಿನ ಹಿಂಬದಿಯ ಸಣ್ಣ ತೂತಿನಲ್ಲಿ ಇಣುಕಿದರೆ ಮಂಜುಗಣ್ಣಿಗೂ ಹಲಗೆಯ ಕಪ್ಪು ವೃತ್ತ ಕಾಣುತ್ತದೆ. ಅದರ ಕೆಳಗೆ ಬರೆದ ಅಂಕಿ ಕಾಣುವುದಿಲ್ಲ. ಅದಕ್ಕೇ ಮೊದಲ ದಿನ, ಬರೀ ಮಲಗುವ ತರಬೇತಿಯ ದಿನ, ದರ್ಜಿ ಉಪಾಯ ಹೇಳಿಕೊಟ್ಟಿದ್ದ: “ಅಲ್ಲಿ ಗಾಳಿ ಬಾವುಟದ ಕಂಬ ಇದೆಯಲ್ಲ, ಅದರ ಬಲಗಡೇದು ನಿಂದು.” ಮರುವಾರವೇ ಸಂಘದ ಅಧ್ಯಕ್ಷರು ಹಲಗೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಂಬ ಅಧ್ಯಕ್ಷರ ತಲೆಯಿಂದಲೇ ಮೊಳೆತಂತೆ ಕಾಣುತ್ತದೆಂದು ಫೋಟೋದವನು ಹೇಳಿದ್ದರಿಂದ ಅದನ್ನು ಕಿತ್ತು ಒಂದು ಹಲಗೆಯಷ್ಟು ಬಲಕ್ಕೆ ನೆಡಲಾಯಿತು. ಈ ಬಗ್ಗೆ ಗೋಡೆಯ ಮೇಲೆ ಪ್ರಕಟಣೆ ಅಂಟಿಸಲಾಗಿತ್ತು. ಅದನ್ನು ಓದಲು ಕನ್ನಡಕ ಬೇಕಿತ್ತು.

ಆ ಭಾನುವಾರ ಅವನು ಚಾಪೆಯಲ್ಲಿ ಮಲಗಿ, ಯಾರೂ ನೋಡದಂತೆ ಕನ್ನಡಕ ಏರಿಸಿ, ತೂತಿನಲ್ಲಿ ಇಣುಕಿದ. ಕಂಬದ ಬಲಗಡೆ, ಕಪ್ಪು ವೃತ್ತದ ಕೆಳಗೆ, ದಪ್ಪಗೆ, ‘ಐದು’ ಎಂದು ಬರೆದಿತ್ತು. ವರ್ಷವಿಡೀ ಹತ್ತಕ್ಕೆ ಹತ್ತು ಹೊಡೆದವನು ತಾನೇ! ಹೀಗೆಂದುಕೊಂಡು ಪಕ್ಕಕ್ಕೆ ತಿರುಗಿದರೆ ದರ್ಜಿ ಗುಂಡು ಹಾರಿಸುತ್ತಿದ್ದ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

ಚಹಾದ ಹೊತ್ತಿಗೆ ಹೇಳಿಬಿಟ್ಟ. ದರ್ಜಿ ಲೋಟ ಕೆಳಗಿಟ್ಟು ಹಲಗೆಗಳ ಹಿಂದಿನ ಮಣ್ಣಿನ ದಿಬ್ಬದತ್ತ ತಿರುಗಿದ.

“ಹಾಗಾದ್ರೆ ನನ್ನ ಗುಂಡೆಲ್ಲ ಎಲ್ಲಿಗೆ ಹೋಗ್ತಿತ್ತೋ?”

“ದಿಬ್ಬಕ್ಕೆ ಇರ್ಬೇಕು.”

“ಎಲ್ಲಾನೂ?”

“ದಿಬ್ಬ ದೊಡ್ಡದಿದೆಯಲ್ಲ” ಎಂದು ಇವನು ಸಮಾಧಾನ ಹೇಳಿದ. ಗೆಳೆಯನ ಮುಖ ಸಪ್ಪಗಾದದ್ದು ನೋಡಿ, ಹೇಳಬಾರದಿತ್ತು ಅನ್ನಿಸಿತು. ಆದರೆ ದರ್ಜಿಯೇ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ. “ನಡಿ. ಚಾಂಪಿಯನ್ ಕಪ್ ನಿಂದು. ಕಾರ್ಯದರ್ಶಿಗಳಿಗೆ ಹೇಳೋಣ.”

ಕಾರ್ಯದರ್ಶಿಗಳು ಎಲ್ಲವನ್ನೂ ಸಾವಧಾನವಾಗಿ ಆಲಿಸಿದರು. ನಿವೃತ್ತಿಗೆ ಮುಂಚೆ ಅವರು ಯಾವುದೋ ಇಲಾಖೆಯಲ್ಲಿ ಅಹವಾಲು ಕೇಳುವ ಕೆಲಸದಲ್ಲೇ ಇದ್ದವರು. ಕೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ಕಪ್ ಕೊಡುವಾಗ ಅಧ್ಯಕ್ಷರು ಯಾರ ಕೈ ಕುಲುಕಿದ್ರು?”

“ನಂದು” ಎಂದ ದರ್ಜಿ.

“ಈಗ ಅವರು ತಪ್ಪು ಕೈ ಕುಲುಕಿದ್ರು ಅಂತ ನೀವು ಹೇಳ್ತೀರಾ?”

“ಕೈ ಸರಿ ಸಾರ್. ಗುಂಡು ಬೇರೆಯವನದು.”

“ನೋಡಿ, ಗುಂಡು ರೈಫಲಿಂದ ಹೊರಗೆ ಬಂದ ಮೇಲೆ ಅದು ಸ್ವತಂತ್ರ. ಅದು ಯಾವ ಹಲಗೆಗೆ ಸೇರ್ತೋ ಆ ಹಲಗೆಯವರ ಸ್ವತ್ತು. ಪಕ್ಕದ ಮನೆ ಮರದ ಹಣ್ಣು ನಿಮ್ಮ ಅಂಗಳಕ್ಕೆ ಬಿದ್ರೆ ನೀವು ಮರವನ್ನ ಕೇಳ್ತೀರಾ?”

ಇಬ್ಬರೂ ಯಾವತ್ತೂ ಮರವನ್ನು ಕೇಳಿದವರಲ್ಲ. ನಮಸ್ಕಾರ ಹೇಳಿ ಹೊರಬಂದರು.

ಮುಂದಿನ ಭಾನುವಾರ ಕನ್ನಡಕದವನು ರಾಜಾರೋಷವಾಗಿ ಕನ್ನಡಕ ಧರಿಸಿಯೇ ಮಲಗಿದ. ನಾಲ್ಕನೇ ಹಲಗೆಯನ್ನು ಅಂಕಿ ಸಮೇತ ನೋಡಿದ. ಇದು ನನ್ನದು ಅಂತ ಗೊತ್ತಾದದ್ದೇ ತಡ, ಕೈ ನಡುಗತೊಡಗಿತು. ಇಷ್ಟು ದಿನ ಪರರ ಹಲಗೆಗೆ ಲೀಲಾಜಾಲವಾಗಿ ಹೊಡೆದವನಿಗೆ ಸ್ವಂತದ್ದು ಕಣ್ಣಿಗೆ ಬಿದ್ದೊಡನೆ ಬೆವರು ಇಳಿಯಿತು. ಧ್ವನಿವರ್ಧಕ ಮೊದಲು ಒಮ್ಮೆ ಕೆಮ್ಮಿತು.

“ನಾಲ್ಕನೇ ಹಲಗೆ, ಗಾಳಿ. ಐದನೇ ಹಲಗೆ…” ಕಾರ್ಯದರ್ಶಿಗಳು ಫೋನಿನಲ್ಲಿ ಮತ್ತೊಮ್ಮೆ ವಿಚಾರಿಸಿಕೊಂಡರು. “ಐದನೇ ಹಲಗೆಯ ಫಲಿತಾಂಶವನ್ನು ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ.”

ಸಂಘಗಳ ನಡುವಿನ ಪಂದ್ಯ ಹತ್ತಿರದಲ್ಲೇ ಇತ್ತು, ಅದೂ ಇದೇ ಮೈದಾನದಲ್ಲಿ. ಸಂಘದ ಚಾಂಪಿಯನ್ನಿಗೇ ಗಾಳಿ ಬಡಿಯುವುದೆಂದರೇನು? ಕಾರ್ಯಕಾರಿ ಸಮಿತಿ ತುರ್ತಾಗಿ ಸಭೆ ಸೇರಿತು. ಗೆಳೆಯರಿಬ್ಬರನ್ನೂ ಕರೆಸಲಾಯಿತು. ಅಧ್ಯಕ್ಷರು ನೊಂದು ಮಾತನಾಡಿದರು.

“ಕನ್ನಡಕ ಹಾಕ್ಕೊಂಡು ಬಂದಿದ್ದು ಯಾಕ್ರೀ?”

“ಕಣ್ಣು ಕಾಣಲಿ ಅಂತ ಸಾರ್.”

“ಅಂದ್ರೆ ನಿಮ್ಮೊಬ್ಬರಿಗೆ ಕಾಣಬೇಕು ಅಂತ ಇಡೀ ಸಂಘದ ಮಾನ ಕಳೀತೀರಾ?”

ಹಾಗೆ ಕೇಳಿದಾಗ ಅವನಿಗೂ ತಾನು ಮಾಡಿದ್ದು ಸ್ವಾರ್ಥವೆನ್ನಿಸಿತು. ತಲೆತಗ್ಗಿಸಿದ. ದರ್ಜಿ ಕೈಮುಗಿದು ಹೇಳಿದ: “ಏನಾದ್ರೂ ಮಾಡಿ ಸಾರ್, ಅವನನ್ನ ಬೆಂಚಿಗೆ ಮಾತ್ರ ಕಳಿಸ್ಬೇಡಿ. ಅವನಿಲ್ದೆ ನಾನು ಬರಲ್ಲ.”

ಸಮಿತಿ ಒಂದಷ್ಟು ಹೊತ್ತು ಚರ್ಚಿಸಿ ಹೊರಡಿಸಿದ ಆದೇಶ ಹೀಗಿದೆ:

“ಶ್ರೀ ಕನ್ನಡಕದವರು ವರ್ಷವಿಡೀ ಗಾಳಿ ಪಡೆದಿರುವುದರಿಂದ ನಿಯಮಾನುಸಾರ ಅವರನ್ನು ವೀಕ್ಷಕ ಸದಸ್ಯರನ್ನಾಗಿ ಇಳಿಸಲಾಗಿದೆ. ಆದರೆ ಚಾಂಪಿಯನ್ನರ ಮನೋಬಲದ ಹಿತದೃಷ್ಟಿಯಿಂದ ಸದರಿ ವೀಕ್ಷಕರು ಚಾಂಪಿಯನ್ನರ ಎಡಪಕ್ಕದಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ವೀಕ್ಷಿಸತಕ್ಕದ್ದು. ವೀಕ್ಷಣೆಯ ಕಾಲದಲ್ಲಿ ಗುಂಡು ತುಂಬಿದ ರೈಫಲನ್ನು ಹೊಂದಿರತಕ್ಕದ್ದು ಹಾಗೂ ಚಾಂಪಿಯನ್ನರು ಗುಂಡು ಹಾರಿಸಿದಾಗಲೆಲ್ಲ ತಾವೂ ವೀಕ್ಷಣಾರ್ಥವಾಗಿ ಒಂದನ್ನು ಹಾರಿಸತಕ್ಕದ್ದು. ಮೈದಾನದ ಒಳಗೆ ಕನ್ನಡಕ ಧರಿಸುವಂತಿಲ್ಲ. ಬಾವುಟದ ಕಂಬವನ್ನು ಯಾವ ಕಾರಣಕ್ಕೂ, ಫೋಟೋ ಸಲುವಾಗಿಯೂ, ಅಲುಗಿಸುವಂತಿಲ್ಲ. ನಾಲ್ಕನೇ ಹಲಗೆಯನ್ನು ಈವರೆಗೆ ಯಾರೂ ಬಳಸದಿರುವುದರಿಂದ ತೆಗೆದು ಉಗ್ರಾಣಕ್ಕೆ ಸೇರಿಸುವುದು.”

ಓದಿ ಮುಗಿಸಿದ ಕಾರ್ಯದರ್ಶಿಗಳು ಕೇಳಿದರು: “ಆಕ್ಷೇಪಣೆ ಇದೆಯಾ?”

ಕನ್ನಡಕದವನಿಗೆ ಮೊದಲು ಹೊಳೆದದ್ದು, ಗೋಡೆಯ ಮೇಲಿನ ಚಾಂಪಿಯನ್ನರ ಫಲಕದಲ್ಲಿ ತನ್ನ ಹೆಸರು ಇನ್ನು ಏಳೇಳು ಜನ್ಮಕ್ಕೂ ಬರುವುದಿಲ್ಲ ಎಂಬುದು. ಆಮೇಲೆ, ತನ್ನ ಚಾಪೆ ತನಗೆ ಉಳಿಯಿತಲ್ಲ ಎಂಬುದು ಹೊಳೆಯಿತು.

“ಇಲ್ಲ ಸಾರ್” ಎಂದ.

ಪಂದ್ಯದ ದಿನ ವೀಕ್ಷಣೆ ಅಮೋಘವಾಗಿತ್ತು. ಕಂಬದ ಬಲಗಡೆಯ ಮಸುಕು ಕಪ್ಪಿಗೆ ಅವನು ಒಂದಾದ ಮೇಲೊಂದರಂತೆ ಹತ್ತೂ ಗುಂಡು ಇಳಿಸಿದ. ಅದು ಗೆಳೆಯನ ಹಲಗೆ ಎಂದು ಗೊತ್ತಿದ್ದೇ ಹೊಡೆದದ್ದು ಇದೇ ಮೊದಲು. ಆದರೂ ಕೈ ನಡುಗಲಿಲ್ಲ. ಚಪ್ಪಾಳೆ ಮುಗಿಲು ಮುಟ್ಟಿತು. ದರ್ಜಿಗೆ ಕಪ್ ಬಂತು. ಇವನಿಗೆ ಅಧ್ಯಕ್ಷರ ಸಹಿಯುಳ್ಳ ‘ಅತ್ಯುತ್ತಮ ವೀಕ್ಷಕ’ ಪ್ರಶಸ್ತಿಪತ್ರ ಬಂತು. ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತಗುಲಿಹಾಕಿದಳು. ಇಷ್ಟು ಚೆನ್ನಾಗಿ ಕಣ್ಣು ಕಾಣುವವನ ಹತ್ತಿರವೇ ಕನ್ನಡಕ ಮಾಡಿಸಬೇಕೆಂದು ಜನ ಹುಡುಕಿಕೊಂಡು ಬರಲಾರಂಭಿಸಿದರು. ಪತ್ರದಲ್ಲಿ ಏನು ಬರೆದಿದೆಯೆಂದು ಯಾರಾದರೂ ಕೇಳಿದರೆ ಅವರ ಕೈಯಲ್ಲೇ ಓದಿಸುತ್ತಿದ್ದ.

ಈಗಲೂ ಭಾನುವಾರಗಳು ಹಾಗೆಯೇ ನಡೆಯುತ್ತಿವೆ. ಮೊನ್ನೆ ಸುತ್ತು ಮುಗಿದ ಮೇಲೆ ಧ್ವನಿವರ್ಧಕ ಸಾರಿತು: “ಐದನೇ ಹಲಗೆ, ಶ್ರೀ ದರ್ಜಿಯವರು, ಹತ್ತಕ್ಕೆ ಒಂಬತ್ತು. ವೀಕ್ಷಣೆ, ತೃಪ್ತಿಕರ.”

ದರ್ಜಿ ಕಣ್ಣು ಬಿಟ್ಟ. ಮುಖ ಬಾಡಿಹೋಗಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಟ್ಟುಸಿರು ಬಿಟ್ಟ.

“ಕೊನೇದ್ರಲ್ಲಿ ತಪ್ಪಿಬಿಟ್ಟೆ ಕಣೋ. ಟ್ರಿಗರ್ ಒತ್ತುವಾಗಲೇ ಅನ್ನಿಸ್ತು. ಮೊದಲಿನ ಹಿಡಿತ ಇಲ್ಲ ನಂಗೆ.”

ಕನ್ನಡಕದವನು ಅವನ ಬೆನ್ನು ಸವರಿದ.

“ಬಿಡೋ, ಮನಸ್ಸಿಗೆ ಹಚ್ಕೋಬೇಡ” ಎಂದ. “ಗಾಳಿ.”